ನಡೆಯಲಾಗದ ನಾಯಿ ಸಾಕುವವರಿಗೆ ನೋಯಿಸದೆ ಹೇಳೋದು ಹೇಗೆ?

ನಮ್ಮ ನಾಯಿಗೆ ಹಿಂಗಾಲುಗಳ ಸ್ವಾಧೀನ ಇಲ್ಲ. ಗಾಲಿ ಗಾಡಿ ಕಟ್ಟಿಕೊಂಡೇ ಓಡಾಡುತ್ತಾಳೆ. ಹಾಗಾಗಿ ಅಂಥ ನಾಯಿಗಳನ್ನು ಸಾಕುವವರ ಪರಿಚಯ ನನಗೆ ಜಾಸ್ತಿ. ಅವರಲ್ಲಿ ಸ್ವಲ್ಪ ಪಳಗಿದವರು ಪದೇ ಪದೇ ಕೇಳುವ ಪ್ರಶ್ನೆ ಇದು: "ಹೊಸಬರು ತಪ್ಪು ಮಾಡ್ತಿರೋದು ಕಣ್ಣಿಗೆ ಕಾಣುತ್ತೆ. ಹೇಳಿದ್ರೆ ನೊಂದುಕೊಳ್ತಾರೆ, ಹೇಳದಿದ್ರೆ ನಾಯಿಗೆ ಕಷ್ಟ. ಹೇಗೆ ಹೇಳೋದು?"

ಹೇಳುವ ಮೊದಲು ಕೇಳಿ. ಡಾಕ್ಟರು ಏನಂದಿದ್ದಾರೆ? ದಿಢೀರಂತ ಶುರುವಾಯ್ತಾ, ನಿಧಾನಕ್ಕೆ ಬಂತಾ? ನೋವಿದೆಯಾ? ಇಷ್ಟು ಕೇಳದೆ ಕೊಟ್ಟ ಸಲಹೆ ನಾಯಿಗೇ ಅಪಾಯ ಆಗಬಹುದು.

ಯಾಕೆ ಅಂದರೆ, ಡ್ಯಾಶ್‌ಹಂಡ್‌ನಂಥ ಉದ್ದ ಬೆನ್ನಿನ ನಾಯಿಗಳಲ್ಲಿ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಜಾರಿ ಬೆನ್ನುಹುರಿಯನ್ನು ಒತ್ತುವುದು ಸಾಮಾನ್ಯ. ಆಪರೇಷನ್ ಇಲ್ಲದೆ ವಾಸಿ ಮಾಡಬೇಕಾದರೆ ವಾರಗಟ್ಟಲೆ ಕಟ್ಟುನಿಟ್ಟಾದ ವಿಶ್ರಾಂತಿ ಬೇಕು. ಮೆಟ್ಟಿಲು, ಜಿಗಿತ, ಓಟ ಯಾವುದೂ ಕೂಡದು. ವಯಸ್ಸಾದ ಜರ್ಮನ್ ಶೆಫರ್ಡ್‌ಗಳಿಗೆ ಬರುವ ಡಿಜನರೇಟಿವ್ ಮೈಲೋಪತಿ ಬೇರೆಯೇ. ಅದರಲ್ಲಿ ನೋವಿರುವುದಿಲ್ಲ, ಬೆನ್ನುಹುರಿ ನಿಧಾನವಾಗಿ ಕೆಡುತ್ತಾ ಹೋಗುತ್ತದೆ, ವಾಸಿ ಮಾಡುವ ಔಷಧಿ ಇಲ್ಲ. ಅಂಥ ನಾಯಿಯನ್ನು ದಿನಾ ಹಿತಮಿತವಾಗಿ ನಡೆಸುವುದೇ ಒಳ್ಳೆಯದು. ನೋಡುವವರಿಗೆ ಎರಡೂ ಒಂದೇ: ಪಾದ ಮಡಚಿಕೊಂಡು, ಉಗುರು ನೆಲಕ್ಕೆ ತೇಯುತ್ತಾ, ಸೊಂಟ ಓಲಾಡಿಸಿಕೊಂಡು ನಡೆಯುತ್ತವೆ. "ನಮ್ಮದನ್ನ ದಿನಾ ನಡೆಸಿದ್ವಿ, ಅದಕ್ಕೇ ಚೆನ್ನಾಗಿತ್ತು, ನೀವೂ ನಡೆಸಿ" ಅಂತ ಒಳ್ಳೆ ಮನಸ್ಸಿನಿಂದ ಹೇಳಿದ ಮಾತು ಡಿಸ್ಕ್ ಜಾರಿದ ನಾಯಿಯ ಬೆನ್ನನ್ನು ಇನ್ನಷ್ಟು ಕೆಡಿಸೀತು. ನಮ್ಮ ಅನುಭವ ಹೇಳುವಾಗ ನಮ್ಮ ನಾಯಿಗಿದ್ದ ಕಾಯಿಲೆ ಯಾವುದು ಅಂತಲೂ ಹೇಳಲೇಬೇಕು.

ಮೂತ್ರದ ವಿಷಯ ಇನ್ನೂ ಸೂಕ್ಷ್ಮ. ಕಾಲಿನ ಸ್ವಾಧೀನ ತಪ್ಪಿದ ಎಷ್ಟೋ ನಾಯಿಗಳಿಗೆ ತಾವಾಗಿ ಮೂತ್ರ ಪೂರ್ತಿ ಮಾಡಲು ಆಗುವುದಿಲ್ಲ. ದಿನಕ್ಕೆ ಹಲವು ಸಲ ಹೊಟ್ಟೆ ಒತ್ತಿ ತೆಗೆಸಬೇಕು. ಹಾಸಿಗೆ ಒದ್ದೆಯಾಗಿದ್ದರೆ ಹೊಸಬರು "ಸದ್ಯ, ತಾನೇ ಮಾಡ್ತಿದೆ" ಅಂದುಕೊಳ್ಳುತ್ತಾರೆ. ಆದರೆ ಮೂತ್ರಕೋಶ ತುಂಬಿ ತುಳುಕುತ್ತಿರಲೂಬಹುದು. ಹಾಗೆ ಒಳಗೇ ನಿಂತರೆ ಸೋಂಕು ಆಗುತ್ತದೆ. ಇಲ್ಲಿ "ಅಯ್ಯೋ, ಇಷ್ಟು ದಿನ ಗೊತ್ತೇ ಆಗಲಿಲ್ವಾ?" ಅಂದರೆ ಮುಗೀತು, ಅವರು ಮತ್ತೆ ನಮ್ಮ ಹತ್ತಿರ ಬಾಯಿ ಬಿಡುವುದಿಲ್ಲ. "ಒದ್ದೆ ಆಗ್ತಿದ್ರೂ ಒಳಗೆ ತುಂಬಿರೋದು ಉಂಟು, ಇವತ್ತೇ ಡಾಕ್ಟರಿಗೆ ಒಂದ್ಸಲ ತೋರಿಸಿ" ಅಂದರೆ ಸಾಕು. ಒತ್ತುವುದನ್ನು ಬಾಯಿಮಾತಲ್ಲಿ ಕಲಿಸಲು ಹೋಗಬೇಡಿ. ಡಾಕ್ಟರು ತಮ್ಮ ಕೈಯನ್ನು ಅವರ ಕೈ ಮೇಲಿಟ್ಟು ತೋರಿಸಬೇಕು. ಮೂತ್ರಕೋಶ ನೀರು ತುಂಬಿದ ಬಲೂನಿನ ಹಾಗೆ ಬೆರಳಿಗೆ ಸಿಕ್ಕಾಗಲೇ ಅದು ಅರ್ಥ ಆಗೋದು.

"ಯಾಕೆ ಸುಮ್ನೆ ಅದಕ್ಕೆ ಹಿಂಸೆ ಕೊಡ್ತೀರಿ, ದಯಾಮರಣದ ಇಂಜೆಕ್ಷನ್ ಕೊಡಿಸಿಬಿಡಿ" ಅನ್ನುವ ಮಾತನ್ನು ಅವರು ಕೇಳದೆ ನಾವಾಗಿ ಆಡಬಾರದು. ಆ ಯೋಚನೆ ಅವರಿಗೆ ಬಂದಿರುವುದಿಲ್ಲವೇ? ರಾತ್ರಿಯೆಲ್ಲ ಅದೇ ಕಾಡಿರುತ್ತದೆ. "ಏನೇ ಆದ್ರೂ ಕೈಬಿಡಬೇಡಿ" ಅನ್ನುವುದೂ ಅಷ್ಟೇ ಕೆಟ್ಟದ್ದು ಅಂತ ನನ್ನ ಅನಿಸಿಕೆ. ದೊಡ್ಡ ನಾಯಿಯನ್ನು ಎತ್ತಲು ಶಕ್ತಿ ಇಲ್ಲದವರು ಇರುತ್ತಾರೆ, ನೋವು ತಡೆಯಲಾರದ ನಾಯಿಗಳೂ ಇರುತ್ತವೆ. ಕೊನೆಗೆ ಕಳಿಸಿಕೊಡಲೇಬೇಕಾಗಿ ಬಂದವರಿಗೆ ಆ ಮಾತು ಜೀವಮಾನವಿಡೀ ಚುಚ್ಚುತ್ತದೆ.

ಕೆಲವು ಕಡೆ ಮಾತ್ರ ಸುತ್ತಿ ಬಳಸಿ ಹೇಳಬೇಡಿ. ನಾಯಿ ದಿಢೀರಂತ ಕಾಲು ಕಳೆದುಕೊಂಡಿದ್ದರೆ, ಮೂತ್ರವೇ ಬರದಿದ್ದರೆ, "ನಾಳೆ ನೋಡೋಣ ಅನ್ಬೇಡಿ, ಈಗಲೇ ಹೊರಡಿ" ಅನ್ನಿ. ಮನುಷ್ಯರ ನೋವಿನ ಮಾತ್ರೆ ಕೊಡಲು ಹೊರಟಿದ್ದರೆ ನೇರವಾಗಿ ತಡೆಯಿರಿ. ಐಬುಪ್ರೊಫೆನ್ ನಾಯಿಗಳ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಕಿಡ್ನಿ ಕೆಡಿಸುತ್ತದೆ. ಇಂಥಲ್ಲಿ ಅವರಿಗೆ ಬೇಜಾರಾದರೂ ಪರವಾಗಿಲ್ಲ.

ಎರಡು ದಿನ ಬಿಟ್ಟು ತಪ್ಪದೆ ವಿಚಾರಿಸಿ. "ಹೇಳಿದ್ದು ಮಾಡಿದ್ರಾ?" ಅಂತ ಲೆಕ್ಕ ಕೇಳಬೇಡಿ. "ನಾಯಿ ಹೇಗಿದೆ? ನಿಮಗೆ ನಿದ್ದೆ ಆಗ್ತಿದೆಯಾ?" ಅಂತ ಕೇಳಿ. ಮಲಗಿದಲ್ಲೇ ಸೊಂಟದ ಹತ್ತಿರ ಆಗಿರುವ ಹುಣ್ಣಿನ ವಿಷಯ, ಗಾಡಿಯ ಪಟ್ಟಿ ಉಜ್ಜಿ ಚರ್ಮ ಕೆಂಪಾಗಿರುವ ವಿಷಯ ಅವರ ಬಾಯಿಂದ ಹೊರಬರುವುದು ಸಾಮಾನ್ಯವಾಗಿ ಆಗಲೇ.