ಡ್ರಾಯಿಂಗ್ ಪೀರಿಯಡ್ಡಿನ ಬಾವುಟಗಳು

ನಮ್ಮ ಡ್ರಾಯಿಂಗ್ ಮೇಷ್ಟ್ರಿಗೆ ಹೂಕುಂಡ, ಸೂರ್ಯೋದಯ ಬರೆಸುವುದರಲ್ಲಿ ಅಂಥ ಆಸಕ್ತಿ ಇರಲಿಲ್ಲ. ಅವರ ಪ್ರೀತಿಯೆಲ್ಲ ಬಾವುಟಗಳ ಮೇಲೆ. ಎಂಟನೇ ಕ್ಲಾಸಿನಲ್ಲಿ ಅವರು ನಮಗೆ ಬಂದ ವರ್ಷ ಹೆಚ್ಚಾಗಿ ನಾವು ಬರೆದದ್ದು ಬಾವುಟಗಳನ್ನೇ. ಅದೂ ಬೆಂಕಿಪೊಟ್ಟಣಕ್ಕಿಂತ ದೊಡ್ಡದಾಗಿ ಬರೆಯುವ ಹಾಗಿಲ್ಲ. ಕಂಬದ ತುದಿಯಲ್ಲಿರುವ ಬಟ್ಟೆ ದೂರದಿಂದ ನೋಡುವವರಿಗೆ ಅಷ್ಟೇ ಕಾಣುವುದು. "ಅಷ್ಟರಲ್ಲಿ ಏನು ಉಳಿಯುತ್ತೋ ಅದೇ ಬಾವುಟ, ಮಿಕ್ಕಿದ್ದು ಅಲಂಕಾರ" ಅನ್ನುತ್ತಿದ್ದರು.

ಹುಡುಗರು ಮೊದಲು ಕೇಳಿದ್ದೇ ಕಡಲ್ಗಳ್ಳರ ಬಾವುಟ. ಬೈಯುತ್ತಾರೆ ಅಂದುಕೊಂಡಿದ್ದೆವು. ಅವರು ಖುಷಿಯಿಂದ ಬೋರ್ಡಿನ ಮೇಲೆ ತಲೆಬುರುಡೆ, ಅದರ ಕೆಳಗೆ ಅಡ್ಡಮೂಳೆ ಬರೆದರು. ಪಕ್ಕದಲ್ಲಿ ಒಂದು ಮರಳು ಗಡಿಯಾರ. 1700ರ ಸುಮಾರಿಗೆ ಕೆಲವು ಕಳ್ಳ ಹಡಗುಗಳ ಬಾವುಟದಲ್ಲಿ ಅದೂ ಇರುತ್ತಿತ್ತಂತೆ. ಕಪ್ಪು ಬಾವುಟ ಹಾರಿಸಿದರೆ "ಶರಣಾಗಿ, ಜೀವ ಉಳಿಸುತ್ತೇವೆ" ಅಂತ. ಮರಳು ಗಡಿಯಾರ ಇದ್ದರೆ "ಬೇಗ ಯೋಚನೆ ಮಾಡಿ, ಹೊತ್ತು ಮೀರುತ್ತಿದೆ" ಅಂತ. ಆಮೇಲೆ ಕೆಂಪು ಬಾವುಟ ಏರಿದರೆ ಯಾರನ್ನೂ ಉಳಿಸುವ ಮಾತಿಲ್ಲ. ಎದುರಿನ ಹಡಗಿನವರ ಭಾಷೆ ಯಾವುದಾದರೂ ಸರಿ, ಅವರಿಗೆ ಇಷ್ಟು ತಿಳಿಯುತ್ತಿತ್ತು. ಗುಂಡು ಹಾರಿಸದೆ ಸರಕು ಸಿಗಲಿ ಅನ್ನುವುದೇ ಕಳ್ಳರ ಲೆಕ್ಕ. ಮಕ್ಕಳ ಟೋಪಿ, ಟೀಶರ್ಟ್ ಮೇಲೆ ಇರುವ ಆ ಚಿತ್ರದ ಹಿಂದೆ ಇಷ್ಟೆಲ್ಲ ಇದೆ ಅಂತ ಗೊತ್ತಾದ ದಿನ ನಾನು ಬಾವುಟಗಳ ಹುಚ್ಚಿಗೆ ಬಿದ್ದೆ. ಅದು ಇವತ್ತಿಗೂ ಬಿಟ್ಟಿಲ್ಲ.

ಆ ತಲೆಬುರುಡೆಯ ಮುಂದಿನ ಕಥೆಯನ್ನು ನಾನೇ ಆಮೇಲೆ ಓದಿಕೊಂಡೆ. 1983ರಲ್ಲಿ ಆಪಲ್ ಕಂಪನಿಯ ಮ್ಯಾಕಿಂಟಾಷ್ ಕಂಪ್ಯೂಟರ್ ತಂಡದವರು ತಮ್ಮ ಕಟ್ಟಡದ ಮೇಲೆ ಕಡಲ್ಗಳ್ಳರ ಬಾವುಟ ಹಾರಿಸಿದರು. ಸ್ಟೀವ್ ಕ್ಯಾಪ್ಸ್ ಕಪ್ಪು ಬಟ್ಟೆ ಹೊಲಿದರು, ಸೂಸನ್ ಕೇರ್ ತಲೆಬುರುಡೆ ಬರೆದರು. ಬುರುಡೆಯ ಒಂದು ಕಣ್ಣಿಗೆ ಕಪ್ಪು ಪಟ್ಟಿಯ ಬದಲು ಬಣ್ಣಬಣ್ಣದ ಆಪಲ್ ಗುರುತು! ಅಷ್ಟೊಂದು ಭಯದ ಚಿತ್ರ ಆ ಒಂದು ಕಣ್ಣಿನಿಂದ ತುಂಟ ಚಿತ್ರವಾಯಿತು. ದೊಡ್ಡ ಕಂಪನಿಯ ಒಳಗೇ ಒಂದು ಚಿಕ್ಕ ತಂಡ "ನಮ್ಮ ದಾರಿ ನಮ್ಮದು" ಅಂತ ಹೇಳಿಕೊಳ್ಳಲು ಇದಕ್ಕಿಂತ ಚೆಂದದ ದಾರಿ ನನಗೆ ತೋಚುವುದಿಲ್ಲ.

2025ರಲ್ಲಿ ಅದೇ ಬುರುಡೆ ಹುಲ್ಲಿನ ಟೋಪಿ ಹಾಕಿಕೊಂಡು ಬೀದಿಗೆ ಬಂತು. 1997ರಲ್ಲಿ ಶುರುವಾದ ಜಪಾನಿನ ಕಾಮಿಕ್ಸ್ 'ಒನ್ ಪೀಸ್'ನ ಬಾವುಟ ಅದು. ಆಗಸ್ಟ್‌ನಲ್ಲಿ ಇಂಡೋನೇಷ್ಯಾದಲ್ಲಿ, ಸೆಪ್ಟೆಂಬರ್‌ನಲ್ಲಿ ನೇಪಾಳದಲ್ಲಿ ಪ್ರತಿಭಟನೆಗೆ ಬಂದ ಹುಡುಗ ಹುಡುಗಿಯರ ಕೈಯಲ್ಲಿ ಅದೇ ಇತ್ತು. ಮಡಗಾಸ್ಕರ್‌ನ ಯುವಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹುಲ್ಲಿನ ಟೋಪಿ ತೆಗೆದು ತಮ್ಮ ನಾಡಿನ ಟೋಪಿ ತೊಡಿಸಿದರು. ಬಾವುಟ ಗೆದ್ದಿದೆ ಅನ್ನುವುದಕ್ಕೆ ನನ್ನ ಪ್ರಕಾರ ಇದೇ ಗುರುತು. ಯಾರು ಬೇಕಾದರೂ ನೆನಪಿನಿಂದ ಬರೆಯಬೇಕು, ಬರೆಯುವಾಗ ತಮ್ಮದನ್ನು ಸ್ವಲ್ಪ ಸೇರಿಸಬೇಕು, ಆದರೂ ಅದು ಅದೇ ಬಾವುಟ ಅಂತ ಗೊತ್ತಾಗಬೇಕು.

ಕ್ರೀಡಾ ದಿನಕ್ಕೆ ಪ್ರತಿ ಕ್ಲಾಸಿಗೂ ಒಂದು ಬಾವುಟ ಬೇಕು ಅಂದಾಗ ಮೇಷ್ಟ್ರ ಉತ್ಸಾಹ ನೋಡಬೇಕಿತ್ತು. ನಮ್ಮ ಮೊದಲ ಹಾಳೆಯಲ್ಲಿ ಪುಸ್ತಕ, ದೀಪ, ಚೆಂಡು, ಶಾಲೆಯ ಹೆಸರು ಎಲ್ಲ ಇತ್ತು. "ಹೆಸರೇ ಬರೆಯುವುದಾದರೆ ಬಾವುಟ ಯಾಕೆ, ಬೋರ್ಡ್ ಹಾಕಿದರೆ ಸಾಕಲ್ವಾ?" ಅಂತ ಹಾಳೆ ತಿರುಗಿಸಿ ಬೆಳಕಿಗೆ ಹಿಡಿದರು. ಅಕ್ಷರಗಳೆಲ್ಲ ಉಲ್ಟಾ. ಬಟ್ಟೆಗೆ ಎರಡು ಮುಖ ಇರುತ್ತೆ ಅನ್ನುವುದನ್ನು ಅವರು ಹಾಗೆ ತೋರಿಸಿದರು. ಪರಾಗ್ವೆ ದೇಶದ ಬಾವುಟಕ್ಕೆ ಹಿಂದೆ ಮುಂದೆ ಬೇರೆ ಬೇರೆ ಚಿಹ್ನೆ ಇದೆ ಅಂತಲೂ ಆವತ್ತೇ ಹೇಳಿದರು.

ಆಮೇಲೆ ಒಂದೊಂದೇ ತೆಗೆಯುತ್ತಾ ಹೋದೆವು. ಕೊನೆಗೆ ಉಳಿದದ್ದು ಕಡು ಹಸಿರು ಬಟ್ಟೆ, ಅದರ ಮೇಲೆ ಓರೆಯಾಗಿ ಒಂದು ದಪ್ಪ ಬಿಳಿ ಗೆರೆ, ಕಂಬದ ಕಡೆಯ ಮೂಲೆಯಲ್ಲಿ ಹಳದಿ ಚುಕ್ಕಿ. ಹಸಿರು ಅಂದರೆ ಕ್ಲಾಸಿನ ಬೋರ್ಡು, ಗೆರೆ ಸೀಮೆಸುಣ್ಣ, ಚುಕ್ಕಿ ಕೊನೇ ಬೆಲ್ಲು. ಚುಕ್ಕಿ ಯಾಕೆ ಕಂಬದ ಕಡೆ? ಗಾಳಿ ನಿಂತು ಬಟ್ಟೆ ಜೋತು ಬಿದ್ದಾಗ ಸರಿಯಾಗಿ ಕಾಣುವುದು ಆ ಭಾಗ ಮಾತ್ರ. ಬಾವುಟದ ಅಂಚು ಮೊದಲು ಹರಿಯುವುದು ಬಾಲದ ಕಡೆ. ಇದನ್ನೆಲ್ಲ ಮೇಷ್ಟ್ರು ವರಾಂಡದ ಆ ತುದಿಯಲ್ಲಿ ಬಟ್ಟೆ ಹಿಡಿದು ನಿಂತು, ನಮ್ಮನ್ನು ಈ ತುದಿಯಲ್ಲಿ ನಿಲ್ಲಿಸಿ ಹೇಳಿಕೊಟ್ಟರು.

ನೇಪಾಳದ ಬಾವುಟಕ್ಕೆ ಅವರು ಪೂರ್ತಿ ಎರಡು ಪೀರಿಯಡ್ ಕೊಟ್ಟರು. ಒಂದರ ಮೇಲೊಂದು ಎರಡು ತ್ರಿಕೋನ, ಚಂದ್ರ, ಸೂರ್ಯ, ಸುತ್ತ ನೀಲಿ ಅಂಚು. ನಾಲ್ಕು ಮೂಲೆ ಇಲ್ಲದ ರಾಷ್ಟ್ರಧ್ವಜ ಜಗತ್ತಿನಲ್ಲಿ ಅದೊಂದೇ. ಅದನ್ನು ಬರೆಯುವ ರೀತಿ ಆ ದೇಶದ ಸಂವಿಧಾನದಲ್ಲೇ ಇದೆ: ಇಲ್ಲಿಂದ ಅಲ್ಲಿಗೆ ಗೆರೆ ಎಳೆಯಿರಿ, ಇಷ್ಟು ಅಳತೆಗೆ ಗುರುತು ಹಾಕಿ, ಹೀಗೆ ಒಂದೊಂದು ಹಂತವೂ. ಕೈವಾರ, ಸ್ಕೇಲ್ ಹಿಡಿದು ಒಂದು ದೇಶದ ಕಾನೂನನ್ನು ಡ್ರಾಯಿಂಗ್ ಪುಸ್ತಕದಲ್ಲಿ ಪಾಲಿಸಿದ ಖುಷಿ ಬೇರೆಯೇ.

ಶಾಂತಿಯ ಗುರುತು ಗೊತ್ತಲ್ವಾ, ದುಂಡಗಿನ ಒಳಗೆ ಮೂರು ಕವಲಿನ ಗೆರೆ? ಅದೂ ಬಾವುಟಗಳಿಂದಲೇ ಬಂದದ್ದು. 1958ರಲ್ಲಿ ಜೆರಾಲ್ಡ್ ಹೋಲ್ಟಮ್ ಅಣ್ವಸ್ತ್ರ ವಿರೋಧಿ ನಡಿಗೆಗೆ ಅದನ್ನು ಬರೆದರು. ಎರಡು ಕೈಯಲ್ಲಿ ಬಾವುಟ ಹಿಡಿದು ಅಕ್ಷರ ತೋರಿಸುವ ಸೆಮಾಫೋರ್ ಪದ್ಧತಿಯ 'ಎನ್' ಮತ್ತು 'ಡಿ' ಒಂದರ ಮೇಲೊಂದು ಕೂತಿವೆ; ನ್ಯೂಕ್ಲಿಯರ್ ಡಿಸಾರ್ಮಮೆಂಟ್, ಅಂದರೆ ಅಣ್ವಸ್ತ್ರ ಬಿಡುವುದು, ಅನ್ನುವುದರ ಮೊದಲ ಅಕ್ಷರಗಳು. ಮೇಷ್ಟ್ರು ಇಬ್ಬರು ಹುಡುಗರ ಕೈಗೆ ಡಸ್ಟರ್ ಬಟ್ಟೆ ಕೊಟ್ಟು ನಿಲ್ಲಿಸಿ ತೋರಿಸಿದ್ದರು. ಒಬ್ಬ ಕೈಗಳನ್ನು ಓರೆಯಾಗಿ ಕೆಳಗೆ ಚಾಚಿದ. ಇನ್ನೊಬ್ಬ ಒಂದು ಕೈ ಮೇಲೆ, ಒಂದು ಕೈ ಕೆಳಗೆ.

2015ರಲ್ಲಿ ನ್ಯೂಜಿಲೆಂಡ್ ಹೊಸ ಧ್ವಜಕ್ಕೆ ಜನರಿಂದ ಚಿತ್ರ ಕೇಳಿದಾಗ 10,292 ಚಿತ್ರಗಳು ಬಂದವು. ಅದರಲ್ಲಿ ಒಂದು, ಕಣ್ಣಿನಿಂದ ಹಸಿರು ಲೇಸರ್ ಬಿಡುವ ಕಿವಿ ಹಕ್ಕಿ. 2016ರ ಜನಮತದಲ್ಲಿ ಹಳೆಯ ಧ್ವಜವೇ ಉಳಿಯಿತು, ಆದರೆ ಜನರ ಮನಸ್ಸಿನಲ್ಲಿ ಕೂತದ್ದು ಆ ಕಿವಿ ಹಕ್ಕಿ. ಆ ಚಿತ್ರ ಕಂಡಾಗ ನಾನು ಮೇಷ್ಟ್ರಿಗೆ ಫೋನ್ ಮಾಡಿದೆ. ನಕ್ಕರು, ಆದರೆ ತಕ್ಷಣ ಕೇಳಿದ್ದು ಹಕ್ಕಿ ಯಾವ ಕಡೆ ಮುಖ ಮಾಡಿದೆ ಅಂತ. ಬಾವುಟದ ಪ್ರಾಣಿ ಪಕ್ಷಿ ಸಾಮಾನ್ಯವಾಗಿ ಕಂಬದ ಕಡೆ ನೋಡಬೇಕು ಅನ್ನುವುದು ಅವರ ಹಳೆಯ ಪಾಠ.

ಅವರಿಗೆ ತುಂಬಾ ಇಷ್ಟವಾದದ್ದು ಪಪುವಾ ನ್ಯೂಗಿನಿಯ ಬಾವುಟ. ಅಧಿಕಾರಿಗಳ ಕಡೆಯಿಂದ ಮೊದಲು ಬಂದ ಚಿತ್ರ ಜನರಿಗೆ ಹಿಡಿಸಿರಲಿಲ್ಲ. 1971ರಲ್ಲಿ ಒಪ್ಪಿದ್ದು ಸೂಸನ್ ಕರಿಕೆ ಅನ್ನುವ 15 ವರ್ಷದ ಶಾಲಾ ಹುಡುಗಿ ಬರೆದದ್ದನ್ನು. ಮೂಲೆಯಿಂದ ಮೂಲೆಗೆ ಸೀಳಿದ ಕೆಂಪು ಮತ್ತು ಕಪ್ಪು, ಕೆಂಪಿನ ಮೇಲೆ ಹಳದಿ ಸ್ವರ್ಗಪಕ್ಷಿ, ಕಪ್ಪಿನ ಮೇಲೆ ಬಿಳಿ ನಕ್ಷತ್ರಗಳು. ಈಗ ನಮ್ಮ ಶಾಲೆಯಲ್ಲಿ ಓದುತ್ತಿರುವ ಮಕ್ಕಳು ಅದನ್ನೊಮ್ಮೆ ಬೆಂಕಿಪೊಟ್ಟಣದಷ್ಟು ಚಿಕ್ಕದಾಗಿ ಬರೆದು ನೋಡಲಿ. ಹಕ್ಕಿಯ ಬಾಲ ಸ್ವಲ್ಪ ಕಷ್ಟ ಕೊಡುತ್ತದೆ. ಮೊದಲು ಕೆಂಪು ತುಂಬಿ.