ರೈ ಪೈರಿಗೊಂದು ಬಯಕೆಯೂಟ

ಗಣಪತಿಯನ್ನು ಹೊರದೇಶಕ್ಕೆ ಕರೆದುಕೊಂಡು ಹೋಗುವುದು ಕಷ್ಟವಲ್ಲ. ಮಣೆಯೊಂದಿದ್ದರೆ ಕೂರುತ್ತಾನೆ, ಬಕೆಟ್ಟಿನಲ್ಲಿಯೂ ಮುಳುಗುತ್ತಾನೆ. ದೀಪಾವಳಿಗೆ ಬಾಲ್ಕನಿ ಸಾಕು, ದಸರೆಯ ಗೊಂಬೆಗಳಿಗೆ ಪುಸ್ತಕದ ಕಪಾಟು ಸಾಕು. ಯುಗಾದಿ, ರಾಜ್ಯೋತ್ಸವಗಳಿಗೆ ಕನ್ನಡ ಸಂಘದವರು ಸಭಾಂಗಣ ಹಿಡಿದು, ಬಿಸಿಬೇಳೆಬಾತ್ ಬಡಿಸಿ, ಹಬ್ಬ ಮಾಡಿಸಿ ಕಳುಹಿಸುತ್ತಾರೆ. ಭೂಮಿ ಹುಣ್ಣಿಮೆ ಮಾತ್ರ ಹೀಗೆ ಊರು ಬಿಟ್ಟು ಬರುವುದಿಲ್ಲ. ದೇವರ ಕೋಣೆ, ಪುರೋಹಿತರು, ಪಟ್ಟೆ ಸೀರೆ ಯಾವುದೂ ಅದಕ್ಕೆ ಬೇಡ. ಪೈರು ನಿಂತ ನೆಲ ಬೇಕು. ಜರ್ಮನಿಯ ಲೈಪ್ಸಿಗ್‌ಗೆ ಬಂದ ಮೊದಲ ವರ್ಷಗಳಲ್ಲಿ ನಮ್ಮದು ಮೂರನೆಯ ಮಹಡಿಯ ಬಾಡಿಗೆ ಮನೆ. ಹಬ್ಬದ ದಿನ ಊರಿಗೆ ಫೋನ್ ಮಾಡಿ, ಕಡುಬು ಬೆಂದಿತೇ ಎಂದು ಕೇಳಿ ಸುಮ್ಮನಾಗುತ್ತಿದ್ದೆ.

ನನ್ನ ತವರು ಸಾಗರ ತಾಲ್ಲೂಕಿನ ದೀವರ ಸಮುದಾಯದ ಮನೆ. ನಮ್ಮಲ್ಲಿ ಆಶ್ವೀಜದ ಹುಣ್ಣಿಮೆಯ ಹೊತ್ತಿಗೆ ಗದ್ದೆಯ ಭತ್ತ ಹೊಡೆ ತುಂಬಿಕೊಂಡಿರುತ್ತದೆ. ಒಡಲಲ್ಲಿ ತೆನೆ ಕಟ್ಟಿಕೊಂಡ ಭೂಮಿ ಬಸುರಿ. ಬಸುರಿಗೆ ಬಯಕೆಯೂಟ ಹಾಕಬೇಕು. ವಿಜಯದಶಮಿ ಬಂತೆಂದರೆ ಅಟ್ಟದ ಬಿದಿರ ಬುಟ್ಟಿಗಳು ಕೆಳಗಿಳಿಯುತ್ತವೆ. ಸಗಣಿ ಬಳಿದು, ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಅಮ್ಮ ಪುಂಡಿನಾರಿನ ಕುಂಚ ಹಿಡಿದು ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯಲು ಕೂರುತ್ತಾಳೆ: ಭತ್ತದ ಸಸಿ, ಏಣಿ, ಎತ್ತಿನ ಗಾಡಿ, ಬುಟ್ಟಿ ಹೊತ್ತು ನಡೆಯುವ ಜನ. ದೊಡ್ಡದು ಭೂಮಣ್ಣಿ ಬುಟ್ಟಿ, ಚಿಕ್ಕದು ಹಚ್ಚಂಬಲಿಯದು. ಹುಣ್ಣಿಮೆಯ ರಾತ್ರಿ ಅಡುಗೆಮನೆಗೆ ನಿದ್ದೆಯಿಲ್ಲ. ಬೆಳಗಿನ ಜಾವ ಗಂಡಸರು ದೊಂದಿ ಹಿಡಿದು, ಸೊಪ್ಪು ಬೆರೆತ ಹಚ್ಚಂಬಲಿಯನ್ನು ಹೊತ್ತು, "ಹಚ್ಚಂಬಲಿ, ಹಾಲಂಬಲಿ" ಎಂದು ಕೂಗುತ್ತ ಗದ್ದೆಗೆ ಚರಗ, ಎಂದರೆ ಭೂಮಿಯ ಎಡೆ, ಬೀರುತ್ತಾರೆ. ಒಂದು ಗದ್ದೆಯ ಕೂಗಿಗೆ ಇನ್ನೊಂದು ಗದ್ದೆ ಓಗೊಡುತ್ತದೆ. ನಾನು ಅದನ್ನು ಒಲೆಯ ಮುಂದೆ ಕುಳಿತು ಕೇಳಿದವಳೇ ಹೊರತು ಕಂಡವಳಲ್ಲ. ಹೆಂಗಸರು, ಮಕ್ಕಳು ಹೊರಡುವುದು ಬೆಳಕು ಹರಿದ ಮೇಲೆ, ಪೂಜೆಗೆ ಮತ್ತು ಊಟಕ್ಕೆ. ಅಷ್ಟರಲ್ಲಿ ಅಪ್ಪನ ಗಂಟಲು ಕಟ್ಟಿರುತ್ತಿತ್ತು.

ನನ್ನ ಗಂಡ ಗದಗದ ಕಡೆಯವರು. ಅವರಿಗೆ ಇದೇ ದಿನ ಸೀಗಿ ಹುಣ್ಣಿಮೆ. ಎರೆಹೊಲ, ಬನ್ನಿಗಿಡದ ಬುಡದಲ್ಲಿ ಸುಣ್ಣ ಬಳಿದು ಪಾಂಡವರೆಂದು ಇಟ್ಟ ಐದು ಕಲ್ಲು, ಚಕ್ಕಡಿಯಲ್ಲಿ ತುಂಬಿಕೊಂಡು ಹೋದ ಬುತ್ತಿ: ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಚರಗ ಅವರದ್ದೂ ಹೌದು. ಆದರೆ ನಮ್ಮ ನೀರು ನಿಂತ ಗದ್ದೆಗೂ ಅವರ ಬಿರುಕು ಬಿಡುವ ಕರಿ ನೆಲಕ್ಕೂ ಹಬ್ಬದ ಅಡುಗೆಯಲ್ಲಿ ಒಂದು ಪದಾರ್ಥವೂ ಹೊಂದುವುದಿಲ್ಲ. ಮದುವೆಯಾದ ಹೊಸತರಲ್ಲಿ ಈ ವಿಷಯಕ್ಕೆ ನಮ್ಮಲ್ಲಿ ಸಾಕಷ್ಟು ಮಾತು ನಡೆದಿದೆ. ಕಡುಬನ್ನು ಸಿಹಿ ಮಾಡುವ ಜನರ ಮೇಲೆ ಅವರಿಗೆ ಇಂದಿಗೂ ಪೂರ್ತಿ ನಂಬಿಕೆ ಬಂದಿಲ್ಲ.

ನೆಲ ಸಿಕ್ಕಿದ್ದು ಕಾಯುವ ಪಟ್ಟಿಯಲ್ಲಿ ಹೆಸರು ಬರೆಸಿ ಬಹಳ ಕಾಲದ ಮೇಲೆ. ಜರ್ಮನಿಯ ಊರುಗಳಲ್ಲಿ ರೈಲು ಹಳಿಯ ಪಕ್ಕ, ಹೊಳೆಯ ದಡದಲ್ಲಿ, ಬೇಲಿ ಹಾಕಿದ ಸಣ್ಣ ಸಣ್ಣ ತೋಟಗಳ ಸಾಲು ಕಾಣುತ್ತದೆ. ಸಂಘದಿಂದ ಗೇಣಿಗೆ ಪಡೆಯುವ ಈ ತುಂಡುಗಳಿಗೆ ಶ್ರೇಬರ್ ತೋಟ ಎಂಬ ಹೆಸರು ಬಂದದ್ದು ಲೈಪ್ಸಿಗ್‌ನಿಂದಲೇ. ಹೆಸರಿನ ಒಡೆಯ ವೈದ್ಯ ಮೋರಿಟ್ಸ್ ಶ್ರೇಬರ್ ತೋಟ ಮಾಡಿದವನೇ ಅಲ್ಲ. ಅವನು 1861ರಲ್ಲಿ ತೀರಿಕೊಂಡ. ಅವನ ಹೆಸರಿನ ಸಂಘ ಹುಟ್ಟಿದ್ದು 1864ರಲ್ಲಿ, ಅದೂ ಮಕ್ಕಳಿಗೆ ಆಟದ ಬಯಲು ಬೇಕೆಂದು. ಆ ಬಯಲಿನ ಅಂಚಿನಲ್ಲಿ ಮಕ್ಕಳಿಗಾಗಿ ಮಾಡಿದ ಪಾತಿಗಳು ಬರಬರುತ್ತ ಮನೆಮಂದಿಯ ತರಕಾರಿ ತೋಟಗಳಾದವು. ಈಗ ಇದಕ್ಕೆಲ್ಲ 1983ರ ಕಾನೂನು ಇದೆ: ತುಂಡು 400 ಚದರ ಮೀಟರ್ ಮೀರಬಾರದು, ಗುಡಿಸಲು ಜಗಲಿಯೂ ಸೇರಿ 24 ಚದರ ಮೀಟರ್, ಅಲ್ಲಿ ವಾಸ ಮಾಡುವಂತಿಲ್ಲ. ಸುಮಾರು ಮೂರನೆಯ ಒಂದು ಭಾಗದಲ್ಲಿ ಹಣ್ಣು, ತರಕಾರಿ ಬೆಳೆಯಲೇಬೇಕು. ಬರೀ ಹುಲ್ಲುಹಾಸು ಮಾಡಿ ಕುರ್ಚಿ ಹಾಕಿಕೊಂಡು ಕುಳಿತರೆ ಸಮಿತಿಯವರಿಂದ ಪತ್ರ ಬರುತ್ತದೆ. ಬೆಳೆ ಬೆಳೆಯಲೇಬೇಕೆಂದು ಒತ್ತಾಯಿಸುವ ಕಾನೂನು ನನಗಂತೂ ಬಹಳ ಹಿಡಿಸಿತು.

ನೆಲವೇನೋ ಸಿಕ್ಕಿತು, ಬಸುರಿಯಾದ ಪೈರು ಎಲ್ಲಿ? ಅಕ್ಟೋಬರ್ ಎಂದರೆ ಇಲ್ಲಿ ಬೆಳೆ ಮುಗಿದ ಕಾಲ. ಟೊಮೆಟೊ ಗಿಡ ಕಪ್ಪಾಗಿ ಜೋತು ಬಿದ್ದಿರುತ್ತದೆ, ಅವರೆಯ ಬಳ್ಳಿ ಒಣಗಿ ಕಡ್ಡಿಗೆ ಅಂಟಿಕೊಂಡಿರುತ್ತದೆ, ಸೇಬು ಅರ್ಧಕ್ಕರ್ಧ ನೆಲದ ಮೇಲೆ. ಹೆತ್ತು ಮಲಗಿದವಳಿಗೆ ಬಯಕೆಯೂಟ ಬಡಿಸುವುದು ಹೇಗೆ ಎಂದು ನಾನು ಗೊಣಗುತ್ತಿದ್ದೆ. ದಾರಿ ತೋರಿಸಿದ್ದು ಗದಗದವರು. "ನಮ್ಮ ಕಡೆ ಈಗ ಹಿಂಗಾರಿ ಜೋಳದ ಬಿತ್ತನೆ. ಮೊಳಕೆಯೂ ಬಸುರೇ ಅಲ್ಲವೇ?" ಎಂದರು. ಊರಾಚೆ ಸೈಕಲ್ ತುಳಿದುಕೊಂಡು ಹೋದರೆ ಅವರ ಮಾತು ಕಣ್ಣಿಗೇ ಕಾಣುತ್ತದೆ. ಸೆಪ್ಟೆಂಬರಿನಲ್ಲಿ ಬಿತ್ತಿದ ಚಳಿಗಾಲದ ಬಾರ್ಲಿ ಅಷ್ಟರಲ್ಲಿ ಬೆರಳುದ್ದ ಹಸಿರಾಗಿರುತ್ತದೆ, ಪಕ್ಕದ ಹೊಲದಲ್ಲಿ ಗೋಧಿ ಬಿತ್ತುವ ಟ್ರ್ಯಾಕ್ಟರ್ ಓಡುತ್ತಿರುತ್ತದೆ. ಈ ಪೈರುಗಳು ಚಳಿಗಾಲದಲ್ಲಿ ತಿಂಗಳುಗಟ್ಟಲೆ ಮಲಗಿ, ವಸಂತದಲ್ಲಿ ಎದ್ದು, ಬೇಸಿಗೆಯಲ್ಲಿ ಕೊಯ್ಲಿಗೆ ಬರುತ್ತವೆ. ಚಳಿ ತಾಗದಿದ್ದರೆ ತೆನೆಯೇ ಒಡೆಯುವುದಿಲ್ಲ. ನಮ್ಮ ಭತ್ತ ಮಳೆಗೆ ಕಾಯುತ್ತದೆ, ಇವರ ಗೋಧಿ ಚಳಿಗೆ ಕಾಯುತ್ತದೆ. 2025ರ ಸೆಪ್ಟೆಂಬರಿನಲ್ಲಿ ನಾವೂ ಆಲೂಗಡ್ಡೆ ಕಿತ್ತ ಪಾತಿಯಲ್ಲಿ ರೈ ಎಂಬ, ಗೋಧಿಯಂತಹ ಧಾನ್ಯವನ್ನು ಬಿತ್ತಿದೆವು. ಇಲ್ಲಿನವರು ಇದನ್ನು ಹಸಿರು ಗೊಬ್ಬರಕ್ಕೆಂದು ಹಾಕುತ್ತಾರೆ. ನಾವು ಪೂಜೆಗೆ ಹಾಕಿದೆವು.

2025ರ ಹುಣ್ಣಿಮೆ ಒಳ್ಳೆಯ ಹೊತ್ತಿಗೆ ಬಂತು. ಅಕ್ಟೋಬರ್ 3 ಜರ್ಮನಿ ಒಂದಾದ ದಿನದ ರಜೆ, 5ರ ಭಾನುವಾರ ಇಲ್ಲಿನ ಇಗರ್ಜಿಗಳಲ್ಲಿ ಸುಗ್ಗಿಯ ಕೃತಜ್ಞತೆಯ ಹಬ್ಬ, 7ರ ಮಂಗಳವಾರ ಬೆಳಗ್ಗೆ ನಮ್ಮದು. ಮಕ್ಕಳಿಗೆ ಶರತ್ಕಾಲದ ಶಾಲಾ ರಜೆ. ಮಗಳು ಬುಟ್ಟಿಗೆ ಕುಳಿತಳು. ಬಿದಿರಿನದು ಸಿಗಲಿಲ್ಲ, ಹಳೆ ಸಾಮಾನಿನ ಸಂತೆಯಲ್ಲಿ ಕೊಂಡ ಬೆತ್ತದಂತಹ ವಿಲೋ ಬುಟ್ಟಿಯೇ ಆಗಬೇಕಾಯಿತು. ಸಗಣಿಯ ಮಾತೆತ್ತಲಿಲ್ಲ; ಕರಕುಶಲ ಅಂಗಡಿಯ ಕೆಂಪು ಜೇಡಿಮಣ್ಣನ್ನು ಎರಡು ಸಲ ಬಳಿದೆವು. ಅಮ್ಮ ಕಳುಹಿಸಿದ್ದ ಪುಂಡಿನಾರಿನ ಕುಂಚವಿತ್ತು. ಸಸಿಯ ಸಾಲನ್ನು ಮಗಳು ಅಜ್ಜಿ ಹೇಳಿಕೊಟ್ಟ ಹಾಗೆಯೇ ನೇರ ಗೆರೆಗಳಲ್ಲಿ ಎಳೆದಳು. ಗಾಡಿ ಬರೆಯುವಾಗ ಮಾತ್ರ ಎತ್ತುಗಳನ್ನು ಬಿಟ್ಟು ಟ್ರ್ಯಾಮ್ ಬರೆದಳು. ವಿಡಿಯೊದಲ್ಲಿ ನೋಡಿದ ಅಮ್ಮ, "ಇದರಲ್ಲಿ ಎಷ್ಟು ಮಂದಿ ಗದ್ದೆಗೆ ಹೋಗಬಹುದು?" ಎಂದಷ್ಟೇ ಕೇಳಿದಳು.

ಸೊಪ್ಪು ಹುಡುಕುವುದು ಈ ಹಬ್ಬದ ನಿಜವಾದ ಕೆಲಸ. ಹಚ್ಚಂಬಲಿಗೆ ನೂರೊಂದು ಕುಡಿ ಬೇಕೆನ್ನುವುದು ಮಾತು. ಊರಿನಲ್ಲಿ ಅಜ್ಜಿ ಗದ್ದೆಯ ಬದು, ಬೇಲಿ, ಕಾಡಿನಂಚು ಸುತ್ತಿ ಮಡಿಲು ತುಂಬ ತರುತ್ತಿದ್ದಳು, ಲೆಕ್ಕ ಯಾರೂ ಕೇಳುತ್ತಿರಲಿಲ್ಲ. ಇಲ್ಲಿ ನಾನು ಸುತ್ತಿದೆ. ಸಿಹಿಗುಂಬಳದ ಎಳೆ ಕುಡಿ (ನಮ್ಮಲ್ಲಿ ಚೀನಿಕುಡಿ), ಮೂಲಂಗಿ ಸೊಪ್ಪು, ಬೀಟ್‌ರೂಟ್ ಸೊಪ್ಪು, ನವಿಲುಕೋಸಿನ ಎಲೆ, ಕೈಗವಸು ಹಾಕಿಕೊಂಡು ಚಿವುಟಿದ ತುರಚೆಯ ತುದಿ, ಹುಳಿಗೆ ಸೋರೆಲ್ ಎಲೆ. ರೂಬಾರ್ಬ್ ಎಲೆಯನ್ನು ಮುಟ್ಟಲಿಲ್ಲ, ಅದರ ದಂಟು ತಿನ್ನಬಹುದು, ಎಲೆ ವಿಷ. ಇದಲ್ಲದೆ ಗೀರ್ಷ್ ಎಂಬುದೊಂದು ಕಳೆಯಿದೆ. ಬೇರಿನ ಒಂದು ಚೂರು ನೆಲದಲ್ಲಿ ಉಳಿದರೂ ಸಾಕು, ಮತ್ತೆ ಹರಡುತ್ತದೆ. ಇಲ್ಲಿನ ತೋಟದವರು ಅದರ ಹೆಸರು ಕೇಳಿದರೆ ಹಲ್ಲು ಕಡಿಯುತ್ತಾರೆ. ಎಳೆಯ ಎಲೆ ಮಾತ್ರ ರುಚಿಯಾಗಿರುತ್ತದೆ, ಕ್ಯಾರೆಟ್ ಸೊಪ್ಪಿನ ಪರಿಮಳ. ಪಕ್ಕದ ತುಂಡಿನಲ್ಲಿ ನಿವೃತ್ತ ಟ್ರ್ಯಾಮ್ ಚಾಲಕರೊಬ್ಬರಿದ್ದಾರೆ. ಅದನ್ನು ಕೊಯ್ಯಲು ಅವರ ಅಪ್ಪಣೆ ಕೇಳಿದಾಗ ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, ಒಳಗೆ ಹೋಗಿ ಎರಡು ಬಕೆಟ್ ತಂದುಕೊಟ್ಟರು. "ಬೇರು ಸಮೇತ ತೆಗೆದುಕೊಂಡು ಹೋಗಿ. ನಿಮ್ಮ ದೇವರು ಒಳ್ಳೆಯವರು."

ಸೌತೆಕಾಯಿಯನ್ನು ಕೊಟ್ಟವರೂ ಅವರೇ. ನಮ್ಮ ಸಿಹಿ ಕಡುಬಿಗೆ ಬೇಕಾದದ್ದು ಬಲಿತು ಹಳದಿಯಾದ ಸೌತೆ. ಅಂಗಡಿಯ ಹಸಿರು ಸೌತೆ ಬರೀ ನೀರು. ಅವರ ಮನೆಯಲ್ಲಿ ಇಂತಹದ್ದನ್ನು ಸಾಸಿವೆ ಹಾಕಿ ವಿನೆಗರಿನಲ್ಲಿ ಉಪ್ಪಿನಕಾಯಿ ಹಾಕುವ ರೂಢಿ ಇರುವುದರಿಂದ ಬಳ್ಳಿಯಲ್ಲೇ ಹಣ್ಣಾಗಲು ಬಿಟ್ಟಿದ್ದರು. ತಿರುಳು ತೆಗೆದು ತುರಿದು, ಅಕ್ಕಿತರಿ, ಬೆಲ್ಲ, ತೆಂಗಿನತುರಿ, ಚಿಟಿಕೆ ಉಪ್ಪು, ಏಲಕ್ಕಿ ಬೆರೆಸಿ ಮುಚ್ಚಿಟ್ಟರೆ ಸೌತೆ ತಾನೇ ನೀರು ಬಿಡುತ್ತದೆ, ತರಿ ಆ ನೀರಿನಲ್ಲೇ ನೆನೆಯುತ್ತದೆ. ಮೇಲಿನಿಂದ ಒಂದು ಹನಿಯೂ ಹಾಕಬಾರದು. ಬಾಳೆಯೆಲೆ ವಿಯೆಟ್ನಾಮಿನವರ ಅಂಗಡಿಯ ಫ್ರೀಜರಿನಿಂದ. ಪೂರ್ವ ಜರ್ಮನಿ ಇದ್ದ ಕಾಲದಲ್ಲಿ ಇಲ್ಲಿನ ಕಾರ್ಖಾನೆಗಳಿಗೆ ಗುತ್ತಿಗೆಯ ಮೇಲೆ ಕರೆತಂದ ವಿಯೆಟ್ನಾಮಿನ ಕೆಲಸಗಾರರಲ್ಲಿ ಹಲವರು ಇಲ್ಲೇ ಉಳಿದರು; ಅವರಿಂದಾಗಿ ಈ ಚಳಿಯ ಊರಿನಲ್ಲಿ ಎಲೆಗೆ ಬರವಿಲ್ಲ. ಅಂಗಡಿಯ ಅಕ್ಕ ಅಕ್ಕಿಯ ಕಡುಬಿಗೆ ಎಂದು ಕೇಳಿದ ಕೂಡಲೇ ಅಗಲವಾದ ಎಲೆಗಳ ಕಟ್ಟನ್ನು ಹುಡುಕಿ ಕೊಟ್ಟಳು. ನಮ್ಮ ಮನೆಯ ಒಲೆ ಗಾಜಿನದು, ಎಲೆ ಬಾಡಿಸಲು ಉರಿಯಿಲ್ಲ. ಕಾದ ಕಾವಲಿಯ ಮೇಲೆ ಎಲೆಯನ್ನು ಎಳೆದರೆ ಬಣ್ಣ ಗಾಢವಾಗಿ, ಮಿರುಗಿ, ಮಡಚಿದರೂ ಸೀಳುವುದಿಲ್ಲ. ಆ ಒಂದು ಕ್ಷಣದ ವಾಸನೆಗೆ ಮಗ ಆಟ ಬಿಟ್ಟು ಅಡುಗೆಮನೆಗೆ ಬಂದ.

ಸೋಮವಾರ ರಾತ್ರಿ ಅಡುಗೆಮನೆಯನ್ನು ನಾನು, ನನ್ನ ಗಂಡ ಇಬ್ಬರೂ ಹಂಚಿಕೊಂಡೆವು. ಅವರು ಜೋಳದ ರೊಟ್ಟಿ ಬಡಿದರು. ಕೆಳಮನೆಯವರಿಗೆ ಸದ್ದು ಕೇಳದಿರಲೆಂದು ಹಲಗೆಯ ಕೆಳಗೆ ಟವೆಲ್ ಮಡಚಿಟ್ಟುಕೊಂಡಿದ್ದರು. ಪುಂಡಿ ಸಿಗದ್ದರಿಂದ ಪಲ್ಯಕ್ಕೂ ಸೋರೆಲ್. ಜೋಳದ ನುಚ್ಚು, ಕಡಲೆಬೇಳೆ ಬೆಂದು, ಬೆಳ್ಳುಳ್ಳಿ ಒಗ್ಗರಣೆ ಬಿದ್ದ ಮೇಲೆ ಹುಳಿ ಸರಿಯಾಗಿಯೇ ಕೂತಿತು. ಪುಂಡಿಯ ಲೋಳೆ ಮಾತ್ರ ಬರಲಿಲ್ಲ ಎಂದು ಗದಗದ ತೀರ್ಪು. ನನ್ನ ಕಡೆಯಿಂದ ಕಡುಬು, ಚೀನಿಕಾಯಿ ಪಲ್ಯ, ಅಮಟೆಕಾಯಿಯ ಜಾಗಕ್ಕೆ ಹುಳಿ ಸೇಬು ಹಾಕಿದ ಗೊಜ್ಜು. ಇಲ್ಲಿನ ಹೊಕೈಡೊ ಕುಂಬಳವನ್ನು ಸಿಪ್ಪೆ ಸಮೇತ ಬೇಯಿಸಬಹುದು, ಅಷ್ಟು ಕೆಲಸ ಕಡಿಮೆ. ಹಚ್ಚಂಬಲಿಗೆ ಒಗ್ಗರಣೆಯಿಲ್ಲ. ಸೊಪ್ಪೆಲ್ಲ ಸಣ್ಣಗೆ ಹೆಚ್ಚಿ ಅಕ್ಕಿಯ ಜೊತೆ ಗಂಜಿಯಂತೆ ಕುದಿಸಬೇಕು, ಅಷ್ಟೇ. ಪಾತ್ರೆಯಲ್ಲಿ ನೋಡಲು ಚೆನ್ನಾಗಿರುವುದಿಲ್ಲ. ಅದು ನಮಗಾಗಿ ಮಾಡಿದ್ದೂ ಅಲ್ಲ.

ಬೆಳಗಿನ ಜಾವದ ಕೂಗಿಗೆ ಒಂದು ತೊಡಕಿತ್ತು. ಇಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಗಲಾಟೆ ಮಾಡುವಂತಿಲ್ಲ. ಅಕ್ಟೋಬರಿನ ಸೂರ್ಯನೇ ಅದನ್ನು ಬಗೆಹರಿಸಿದ. ಅವನು ಏಳುವುದು ಏಳು ಗಂಟೆ ದಾಟಿದ ಮೇಲೆ, ಆರೂವರೆಗೆ ಕತ್ತಲು ಹಾಗೆಯೇ ಇರುತ್ತದೆ. ದೊಂದಿಯ ಬದಲು ಸೈಕಲ್ಲಿನ ದೀಪ. ಚಂದ್ರ ಪಶ್ಚಿಮದಲ್ಲಿ ಇಳಿಯುತ್ತಿದ್ದ, ಮೋಡ ಬಿಟ್ಟುಕೊಟ್ಟಾಗ ರೈ ಪಾತಿಯ ಮೇಲೆ ಇಬ್ಬನಿ ಕಾಣುತ್ತಿತ್ತು. ಊರಿನಲ್ಲಿ ಆಗ ಹತ್ತು ಗಂಟೆ. ಅಪ್ಪ ಗದ್ದೆಯ ಬದುವಿನಲ್ಲಿ ಊಟಕ್ಕೆ ಕುಳಿತವರು ಫೋನಿನಲ್ಲಿ ಬಂದರು. ನಾನು ಹಚ್ಚಂಬಲಿ ಎಂದು ಕೂಗಿದೆ. "ಯಾರನ್ನು ಮಲಗಿಸುತ್ತಿದ್ದೀಯೆ? ಜೋರಾಗಿ ಕೂಗು" ಎಂದರು. ಜೋರಾಗಿ ಕೂಗಿದೆ, ಹಿಡಿ ಹಿಡಿಯಾಗಿ ಬೀರಿದೆ, ಮಕ್ಕಳೂ ಬೀರಿದರು. ಬೇಲಿಯಾಚೆ ನಾಯಿಯನ್ನು ಓಡಾಡಿಸುತ್ತಿದ್ದ ಯಾರೋ ನಿಂತು ಶುಭೋದಯ ಹೇಳಿ ಮುಂದೆ ಹೋದರು. ಅಪ್ಪ ಅಲ್ಲಿಂದಲೇ ಒಮ್ಮೆ ಓಗೊಟ್ಟರು, ಬಾಯಿಯಲ್ಲಿ ಕಡುಬಿತ್ತು ಎಂದು ಕಾಣುತ್ತದೆ.

ಬೆಳಕಾದ ಮೇಲೆ ಪೂಜೆ. ಅಮ್ಮ ತನ್ನ ಕೊರಳ ಸರವನ್ನೇ ಭತ್ತದ ಬುಡಕ್ಕೆ ಹಾಕುತ್ತಾಳೆ. ಬೆರಳೆತ್ತರದ ರೈಗೆ ಸರ ಹಾಕಿದರೆ ಪೈರೇ ಮಲಗೀತೆಂದು ಪಕ್ಕದಲ್ಲಿ ಕೋಲು ನೆಟ್ಟು ಅದಕ್ಕೆ ಹಾಕಿದೆ. ಒಂದು ಪಕ್ಕದಲ್ಲಿ ಗದಗದ ಐದು ಕಲ್ಲುಗಳು ಸುಣ್ಣ ಹಚ್ಚಿಸಿಕೊಂಡು ಕುಳಿತಿದ್ದವು. ಕಾಗೆಗೊಂದು ಎಡೆ, ಇಲಿಗೊಂದು ಎಡೆ. ಒಂದು ಕಡುಬನ್ನು ನೆಲದಲ್ಲಿ ಹೂತೆವು. ನಮ್ಮ ಮನೆಯಲ್ಲಿ ಅದನ್ನು ಕೊಯ್ಲಿನ ದಿನ ತೆಗೆಯುತ್ತಾರೆ. ಇಲ್ಲಿ ನರಿಯ ಕಾಟವಿರುವುದರಿಂದ ಮೇಲೆ ಹೆಂಚು ಮುಚ್ಚಿದ್ದೇವೆ. ಅದರ ಪಕ್ಕದ ಪಾತಿಯಲ್ಲಿ ಮಕ್ಕಳು ಬೆಳ್ಳುಳ್ಳಿ ಎಸಳು ಊರಿದರು, ಅದಕ್ಕೂ ಚಳಿ ತಾಗಿದರೇ ಗಡ್ಡೆ ಒಡೆದು ಎಸಳಾಗುವುದು.

ಊಟಕ್ಕೆ ಪಕ್ಕದ ತುಂಡಿನವರನ್ನೂ ಕರೆದಿದ್ದೆವು. ಅವರು ಇಗರ್ಜಿಗೆ ಹೋಗುವವರಲ್ಲ. ಆದರೂ ಹಿಂದಿನ ಭಾನುವಾರದ ಸುಗ್ಗಿ ಹಬ್ಬಕ್ಕೆ ವೇದಿಕೆಯ ಮುಂದೆ ಜೋಡಿಸಲು ತಮ್ಮ ಅತಿ ದೊಡ್ಡ ಕುಂಬಳವನ್ನು ಕೊಟ್ಟು ಬಂದಿದ್ದರು. ಕುಂಬಳಕ್ಕೆ ಧರ್ಮವಿಲ್ಲ ಎಂಬುದು ಅವರ ವಾದ. ಕಡುಬಿನ ಎಲೆ ಬಿಡಿಸಿ, ಮೂಸಿ, ಮೊದಲು ಎಲೆಯನ್ನೇ ಕಚ್ಚಲು ಹೋದರು, ಮಗ ತಡೆದ. ಎರಡು ತಿಂದರು. ಗೀರ್ಷ್ ಎಲ್ಲಿದೆ ಎಂದು ಕೇಳಿದಾಗ ನೆಲ ತೋರಿಸಿದೆ. ಅಷ್ಟನ್ನೂ ಚೆಲ್ಲಿಬಿಟ್ಟಿರಾ, ಬೀಜವಿರಲಿಲ್ಲ ತಾನೇ ಎಂದು ಅವರಿಗೆ ಗಾಬರಿ.

ಹೊರಡುವ ಮೊದಲು ಗುಡಿಸಲಿನ ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಲು ಮುಂದಿನ ವರ್ಷದ ದಿನಾಂಕ ಕೇಳಿದರು. 2026ರಲ್ಲಿ ಅಧಿಕ ಜ್ಯೇಷ್ಠ ಬರುವುದರಿಂದ ಹುಣ್ಣಿಮೆ ಅಕ್ಟೋಬರ್ 26ಕ್ಕೆ ಸರಿಯುತ್ತದೆ, ಹಿಂದಿನ ದಿನವೇ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ. ಅವರು ತಲೆಯಾಡಿಸಿ ಲೆಕ್ಕ ಹಾಕಿದರು: ಅಷ್ಟರಲ್ಲಿ ಒಂದೆರಡು ರಾತ್ರಿಯ ಹಿಮಕ್ಕೆ ಕುಂಬಳದ ಬಳ್ಳಿ ಸುಟ್ಟುಹೋಗಿರುತ್ತದೆ, ಚೀನಿಕುಡಿ ಸಿಗುವುದಿಲ್ಲ, ಗೀರ್ಷ್ ಕೂಡ ಬಾಡಿರುತ್ತದೆ. ಹಾಗಾಗಿ ಬರುವ ಬೇಸಿಗೆಯಲ್ಲಿ ಗ್ರೂನ್‌ಕೋಲ್ ಸಸಿ ನೆಡಬೇಕಂತೆ; ಆ ಸುರುಳಿ ಎಲೆಯ ಕೋಸಿಗೆ ಹಿಮ ತಾಗಿದಷ್ಟೂ ಸಿಹಿ. ಸಸಿಗಳನ್ನು ತಾವೇ ಕೊಡುತ್ತೇನೆ ಎಂದಿದ್ದಾರೆ. ಹಳದಿ ಸೌತೆಯನ್ನು ಸೆಪ್ಟೆಂಬರಿನಲ್ಲೇ ತುರಿದು ಫ್ರೀಜರಿಗೆ ಹಾಕಿಟ್ಟರೆ ಕಡುಬಾಗುತ್ತದೆಯೇ ಎಂದು ಅಮ್ಮನನ್ನು ಕೇಳಿದ್ದೇನೆ. ಅವಳು ಸಾಗರದ ಮನೆಯ ಫ್ರಿಜ್ಜಿನಲ್ಲಿ ಒಂದು ಹಿಡಿ ಇಟ್ಟು ನೋಡಿ ಹೇಳುತ್ತಾಳಂತೆ.