ರಾಘಣ್ಣನ ಚಿಂತೆ ಬರೆಯುವ ಕಷ್ಟ

ನಾನೀಗ ಬರೆಯುತ್ತಿರುವ ಕಥೆಯಲ್ಲಿ ರಾಘಣ್ಣ ಅಂತ ಒಬ್ಬ ಇದ್ದಾನೆ. ಶಿವಮೊಗ್ಗದಲ್ಲಿ ಜೆರಾಕ್ಸ್ ಅಂಗಡಿ, ಬೆಂಗಳೂರಲ್ಲಿ ಕೆಲಸಕ್ಕಿರುವ ಮಗಳು, ಮಿಕ್ಕಿದ್ದೆಲ್ಲ ಬರೀ ಚಿಂತೆ. ಇಂಥವನನ್ನು ಬರೆಯಲು ಕೂತರೆ ಮೊದಲು ಬರುವುದೇ ‘ಎದೆ ಢವಢವ ಅಂದಿತು’, ‘ಮನಸ್ಸಿಗೆ ನೆಮ್ಮದಿಯಿಲ್ಲ’ ಅನ್ನುವ ಸಾಲುಗಳು. ಎರಡು ಪುಟ ಆಗುವಷ್ಟರಲ್ಲಿ ಓದುವವರಿಗೆ ಸಾಕಪ್ಪಾ ಸಾಕು ಅನಿಸುತ್ತದೆ.

ಚಿಂತೆ ಮಾಡುವವರು ಸುಮ್ನೆ ಕೂತು ಚಿಂತೆ ಮಾಡುವುದಿಲ್ಲ, ಅಲ್ವಾ? ಏನಾದರೊಂದು ಮಾಡುತ್ತಲೇ ಇರುತ್ತಾರೆ. ರಾಘಣ್ಣ ಗ್ಯಾಸ್ ಆಫ್ ಮಾಡಿ, ಬೀಗ ಹಾಕಿ, ಬೀಗ ಎಳೆದು ನೋಡಿ, ಗೇಟಿನವರೆಗೆ ಹೋಗಿ, ಮತ್ತೆ ವಾಪಸ್ ಬಂದು ಬೀಗ ತೆಗೆಯುತ್ತಾನೆ. ಮಗಳು ರಾತ್ರಿ ಬಸ್ ಹತ್ತಿದರೆ ಅವನಿಗೂ ರಾತ್ರಿಯೆಲ್ಲ ಪ್ರಯಾಣವೇ. ಕಡೂರಿನ ಹೊತ್ತಿಗೆ ಒಂದು ಫೋನ್, ಅರಸೀಕೆರೆಯಲ್ಲಿ ಇನ್ನೊಂದು, ತಿಪಟೂರಿನಲ್ಲಿ ಅವಳು ಎತ್ತದಿದ್ದರೆ ಹೆಂಡತಿಯನ್ನು ಎಬ್ಬಿಸಿ ‘ನಿನ್ನ ಫೋನಿಂದ ಮಾಡಿ ನೋಡೇ’. ಮಗಳು ನಿದ್ದೆಗಣ್ಣಲ್ಲಿ ಎತ್ತಿದರೆ ‘ಏನಿಲ್ಲ ಪುಟ್ಟಿ, ಸುಮ್ನೆ ಮಾಡ್ದೆ’ ಅನ್ನುತ್ತಾನೆ. ಇಷ್ಟು ಬರೆದ ಮೇಲೆ ಢವಢವ ಬೇಕಾಗಲೇ ಇಲ್ಲ.

ಇನ್ನೊಂದು, ಇಂಥವರನ್ನು ಕಥೆಯಲ್ಲಿ ಪಾಪದವರನ್ನಾಗಿ ಮಾಡಿಬಿಡುತ್ತೇವೆ. ಜಾಸ್ತಿಯಾದ ಆತಂಕವನ್ನು ಕಾಯಿಲೆ ಅಂತ ಗುರುತಿಸುವಾಗ ಡಾಕ್ಟರುಗಳು ನೋಡುವ ಲಕ್ಷಣಗಳಲ್ಲಿ ನಿದ್ದೆಗೇಡು, ಸುಸ್ತು, ಮೈ ಬಿಗಿತದ ಜೊತೆಗೆ ಸಿಡುಕೂ ಇದೆ. ಆತಂಕವೂ ಒಂದೇ ವಿಷಯಕ್ಕಲ್ಲ, ಹಲವಕ್ಕೆ, ಕಡಿಮೆಯೆಂದರೂ 6 ತಿಂಗಳು, ಹೆಚ್ಚಿನ ದಿನಗಳಲ್ಲಿ ಇರಬೇಕು. ಸಿಡುಕು ಅಂತ ಓದಿದಾಗ ರಾಘಣ್ಣ ನನಗೆ ಸರಿಯಾಗಿ ಕಂಡ. ಬಸ್ಸು ಯಾವ ಊರು ದಾಟಿತೋ ಅಂತ ಒದ್ದಾಡುತ್ತಾ ಅವನು ಹೆಂಡತಿ ಮೇಲೆ ರೇಗುವುದು ಚಾರ್ಜರ್ ಎಲ್ಲಿಟ್ಟೆ ಅಂತ. ಅವನನ್ನು ಡಾಕ್ಟರ ಹತ್ತಿರ ಕಳಿಸಬೇಕಾ ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ. ಕಳಿಸಿದರೆ ಅಲ್ಲಿ ಪಕ್ಕದಲ್ಲಿ ಕೂತವನ ಕೆಮ್ಮಿಗೆ ಹೆದರಿ ಎದ್ದು ಬರುವ ಆಸಾಮಿ.

ಒಂದಂತೂ ಗಟ್ಟಿ, ಬಸ್ಸಿಗೆ ಏನೂ ಆಗಕೂಡದು. ಆಕ್ಸಿಡೆಂಟ್ ಮಾಡಿಸಿದರೆ ಕಥೆ ಮುಗಿಸುವುದು ಸುಲಭ, ಆದರೆ ಆಗ ರಾಘಣ್ಣ ಹೇಳಿದ್ದೇ ನಿಜವಾಗಿ, ಚಿಂತೆ ಮಾಡುವವನು ಹೋಗಿ ಭವಿಷ್ಯ ಹೇಳುವವನು ಬಂದು ಕೂರುತ್ತಾನೆ. ಮಗಳು ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದು ‘ರೀಚ್ಡ್’ ಅಂತ ಮೆಸೇಜ್ ಹಾಕಬೇಕು, ಅವನು ಅದನ್ನು ಓದಿ ಫೋನ್ ಕೆಳಗಿಡುವಷ್ಟರಲ್ಲಿ ಆಟೋದವನ ಚಿಂತೆ ಶುರುವಾಗಬೇಕು.

ಸದ್ಯ ನನಗೆ ತಲೆನೋವಾಗಿರುವುದು ಅವನ ಹೆಂಡತಿ. ಇಷ್ಟೆಲ್ಲದರ ಮಧ್ಯೆ ಆಕೆ ಹೇಗೆ ಗೊರಕೆ ಹೊಡೆದು ಮಲಗುತ್ತಾಳೆ ಅನ್ನುವುದು ಇನ್ನೂ ಗೊತ್ತಾಗಿಲ್ಲ.